ಹತ್ತಿಗಾಗಿ ಕಲಿತ ಜಪಾನಿ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೆದಕುವುದು ಬೇಡ. ಆ ಬೇಸಿಗೆಯಲ್ಲಿ ಕೊಪ್ಪಳದ ನಮ್ಮ ಅಡತಿ ಅಂಗಡಿಯ ಹತ್ತಿ ಮಾರಾಟವಾಗದೆ ಬೀಜ ಬಿಡಿಸುವ ಜಿನ್ನಿನ ಅಂಗಳದಲ್ಲಿ ಬಿಸಿಲು ಕಾಯಿಸಿಕೊಂಡು ಬಿದ್ದಿದ್ದಕ್ಕೆ ಕಾರಣ ನಾನು. ಊರಲ್ಲಿ ಕೆಲವರು ಯುರೋಪಿನ ಯುದ್ಧವನ್ನು ಬೈದರು, ಕೆಲವರು ಮುಂಬಯಿ ಪೇಟೆಯನ್ನು ಬೈದರು, ನಮ್ಮವ್ವ ಶನಿಯನ್ನು ಬೈದಳು. ಎಲ್ಲವನ್ನೂ ಕೇಳಿಕೊಂಡು ನಾನು ಸುಮ್ಮನೆ ಕೂತಿದ್ದೆ. ನನಗೆ ತಿಳಿಯದ ಮಾತಿಗೆ ತಿಳಿದವನಂತೆ ಅರ್ಥ ಹೇಳಿದ್ದೆ. ಹೇಳಿದ್ದು ಒಂದೇ ಶಬ್ದ: "ಏರತೈತಿ." ಬೆಲೆ ಏರುತ್ತದೆ ಎಂದು. ಬೆಲೆ ನನ್ನ ಮಾತು ಕೇಳಲಿಲ್ಲ, ಆದರೆ ಅಪ್ಪ ಕೇಳಿದರು.

ನಾನು ಹುಟ್ಟಾ ಅಣಕುಗಾರ. ಕಿವಿಗೆ ಬಿದ್ದದ್ದು ಬಾಯಿಂದ ಬರಬೇಕು, ಇಲ್ಲದಿದ್ದರೆ ಊಟ ಅರಗುವುದಿಲ್ಲ. ತಹಸೀಲ ಕಚೇರಿಯ ಪೇಶಕಾರರು ಗಂಟಲಿನ ತಳದಿಂದ ಎತ್ತಿ ಹಾಕುವ ಉರ್ದು, ಸ್ಟೇಷನ್ ಮಾಸ್ತರರ ಸಿಡಿಮಿಡಿ ಇಂಗ್ಲಿಷು, ಗಂಗಾವತಿಯ ನಮ್ಮ ಸೋದರಮಾವನ ಅರ್ಧ ತೆಲುಗು ಅರ್ಧ ಕನ್ನಡ, ಎಲ್ಲವೂ ನನ್ನ ಅಂಗಡಿಯಲ್ಲಿ ಸದಾ ದಾಸ್ತಾನು. ಅಪ್ಪನನ್ನು ಅಣಕಿಸುವಾಗ ಅಪ್ಪನೇ ಬಂದು ಬಾಗಿಲಲ್ಲಿ ನಿಂತದ್ದೂ ಉಂಟು. "ತಕ್ಕಡಿ ನೋಡ್ರಿ, ನನ್ನ ಮುಖಾ ಏನ ನೋಡ್ತೀರಿ" ಎಂದು ನಾನು ಅವರ ದನಿಯಲ್ಲಿ ಹೇಳಿದರೆ, ಹಿಂದಿನಿಂದ ಅದೇ ದನಿಯಲ್ಲಿ "ತಕ್ಕಡಿ ಬಿಡು, ನಿನ್ನ ಬೆನ್ನು ತೋರಸು" ಎಂದು ಬಂತು. ನನ್ನನ್ನು ಅಣಕಿಸುವುದು ಇವರೆಲ್ಲರಿಗಿಂತ ಸುಲಭ. ಕೊಕ್ಕರೆಯ ಕತ್ತು ಮಾಡಿಕೊಂಡು ಬಾಯಿ ತೆರೆದರೆ ಸಾಕು, ನಾನು ಬಂದೆ. ಮುಚ್ಚಿದರೆ ನಾನಲ್ಲ.

ಈ ಬಾಯಿಯೇ ನನ್ನನ್ನು ಜಪಾನಿಗೆ ಕಟ್ಟಿಹಾಕಿತು.

ಆಗೆಲ್ಲ ಹತ್ತಿ ಸುಗ್ಗಿಯಲ್ಲಿ ಗದಗಿನ ಕಡೆಯಿಂದ ರೈಲಿನಲ್ಲಿ ಇಬ್ಬರು ಜಪಾನಿ ವ್ಯಾಪಾರಿಗಳು ಕೊಪ್ಪಳಕ್ಕೆ ಬರುತ್ತಿದ್ದರು. ಒಬ್ಬರು ದೊಡ್ಡವರು, ಒಬ್ಬರು ಸಣ್ಣವರು. ದೊಡ್ಡವರು ವಯಸ್ಸಿನಲ್ಲಿ ದೊಡ್ಡವರು, ಎತ್ತರದಲ್ಲಿ ನಮ್ಮ ತಕ್ಕಡಿಯ ಕಂಬದ ಅರ್ಧಕ್ಕೆ ಬರುತ್ತಿದ್ದರು. ಕುಷ್ಟಗಿ, ಯಲಬುರ್ಗಾ ಕಡೆಯ ಎರೆಭೂಮಿಯ ಹತ್ತಿ ಬಂಡಿಗಳಲ್ಲಿ ಬಂದು ಜಿನ್ನಿನ ಅಂಗಳದಲ್ಲಿ ಇಳಿಯುತ್ತಿತ್ತು. ನಮ್ಮಪ್ಪನಂಥ ಅಡತಿಯವರು ರೈತರ ಹತ್ತಿಯನ್ನು ಇಟ್ಟುಕೊಂಡು, ಕೊಳ್ಳುವವರಿಗೆ ಮಾರಿಕೊಟ್ಟು, ತಮ್ಮ ಪಾಲು ಹಿಡಿದು ಉಳಿದದ್ದನ್ನು ರೈತರ ಕೈಗೆ ಹಾಕುವವರು. ದೊಡ್ಡ ಜಪಾನಿ ಬಂದು ಹತ್ತಿ ತುಂಬಿದ ದೊಡ್ಡ ಗೋಣಿಚೀಲದ ಅಂಡಿಗೆಯೊಳಗೆ ಕೈಹಾಕಿ ಒಂದು ಹಿಡಿ ಅರಳೆ ತೆಗೆದು, ಎರಡು ಹೆಬ್ಬೆರಳ ನಡುವೆ ಎಳೆದು ಎಳೆದು, ಎಳೆಯ ಉದ್ದ ನೋಡುತ್ತಿದ್ದರು. ಆಮೇಲೆ ಅಪ್ಪ ತಮ್ಮ ಹೆಗಲ ಶಲ್ಯ ತೆಗೆದು ಇಬ್ಬರ ಬಲಗೈಗಳ ಮೇಲೆ ಹಾಕುತ್ತಿದ್ದರು.

ಶಲ್ಯದ ಕೆಳಗೆ ಬೆಲೆ. ನಮ್ಮ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದು ಹುಡುಗಾಟಿಕೆ. ಬೆರಳು ಹಿಡಿದರೆ ಒಂದು ಲೆಕ್ಕ, ಗೆಣ್ಣು ಒತ್ತಿದರೆ ಇನ್ನೊಂದು, ಅಂಗೈ ಗೀರಿದರೆ ಬೇಡ ಎಂದರ್ಥ. ಮೇಲೆ ಇಬ್ಬರ ಮುಖವೂ ಗೋಡೆ. ಸುತ್ತ ನಿಂತವರಿಗೆ ಶಲ್ಯ ಅಲುಗಿದ್ದು ಕಂಡೀತು, ಏನಾಯಿತೆಂದು ತಿಳಿಯದು. ಈ ವಿದ್ಯೆಯನ್ನು ದೊಡ್ಡ ಜಪಾನಿ ನಮ್ಮವರಿಗಿಂತ ಚೆನ್ನಾಗಿ ಕಲಿತಿದ್ದರು. ಹಿಂದುಸ್ತಾನಿಯೂ ಸಾಕಷ್ಟು ಬರುತ್ತಿತ್ತು. ಆದರೆ ಬೆರಳು ಹಿಡಿಯುವ ಮೊದಲು ಸಣ್ಣವರ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ನಾಲ್ಕು ಮಾತಾಡುತ್ತಿದ್ದರು. ಎಲ್ಲರೆದುರಿಗೆ, ಜೋರಾಗಿ, ಒಂದಿಷ್ಟೂ ಮುಚ್ಚುಮರೆಯಿಲ್ಲದೆ. ಅದೇ ಅಪ್ಪನ ನಿದ್ದೆ ಕೆಡಿಸಿತ್ತು.

"ಶಲ್ಯಾ ಹೊದಿಸಿ ಮುಚ್ಚೂದು ನಾವು" ಎನ್ನುತ್ತಿದ್ದರು ಅಪ್ಪ, "ಅವರು ಬಯಲಾಗ ಕುಂತು ಗುಟ್ಟು ಮಾತಾಡ್ತಾರ. ಆ ಮಾತು ತಿಳಿಯೂ ಕಿವಿ ಒಂದು ನಮ್ಮ ಕಡೆ ಇದ್ರ ಹೆಂಗಾಗತಿತ್ತು?"

ಇದನ್ನು ಅವರು ಹೇಳಿದ ಸಂಜೆಯೇ ನಾನು ಅಂಗಡಿಯ ಗಾದಿಯ ಮೇಲೆ ನಿಂತು ದೊಡ್ಡ ಜಪಾನಿಯನ್ನು ಅಣಕಿಸಿ ತೋರಿಸಿದೆ. ಹಲ್ಲಿನ ಸಂದಿಯಿಂದ "ಸಾ..." ಎಂದು ಉಸಿರೆಳೆದು, ಸೊಂಟ ಮಡಿಸಿ, ಅರಳೆ ಎಳೆದು, ಸಣ್ಣವರ ಕಡೆ ತಿರುಗಿ ಒಂದಿಷ್ಟು ಜಪಾನಿ ಸದ್ದು ಹೊರಡಿಸಿದೆ. ಹಮಾಲರು ನಕ್ಕು ನಕ್ಕು ಅಂಡಿಗೆಗಳ ಮೇಲೆ ಉರುಳಿದರು. ಅಪ್ಪ ಮಾತ್ರ ನಗಲಿಲ್ಲ. ಹೊಸ ಎತ್ತಿನ ಹಲ್ಲು ನೋಡುವವರ ಹಾಗೆ ನನ್ನ ಬಾಯನ್ನೇ ನೋಡಿದರು.

"ಇವನ ಬಾಯಿಗೆ ಆ ಭಾಷಿ ಹತ್ತತೈತಿ" ಎಂದರು.

ಅಲ್ಲಿಗೆ ಮುಗಿಯಿತು. ನಾನು ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಇಂಟರ್ ಮುಗಿಸಿ, ಮುಂದೆ ವಕೀಲನಾಗಿ ನ್ಯಾಯಾಧೀಶರನ್ನು ಅಣಕಿಸಬೇಕೆಂದು ಕನಸು ಕಾಣುತ್ತಿದ್ದವನು. ಅಪ್ಪ ಯಾರು ಯಾರನ್ನೋ ಕೇಳಿ, ಪೂರ್ವದ ಕಡೆ ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಜಪಾನಿ ಕಲಿಸುತ್ತಾರೆಂದು ಪತ್ತೆಹಚ್ಚಿ, ನನ್ನನ್ನು ಹಾಸಿಗೆ ಸಮೇತ ರೈಲಿಗೆ ಹಾಕಿದರು.

ಅಲ್ಲಿಯ ತರಗತಿಯಲ್ಲಿ ನಾವು ನಾಲ್ಕೇ ಜನ. ನಾನು, ಇಬ್ಬರು ಬಂಗಾಳಿ ಹುಡುಗರು, ಒಬ್ಬ ಬೌದ್ಧ ಭಿಕ್ಷು. ಗುರುಗಳು ಜಪಾನಿನವರೇ, ತೆಳ್ಳಗಿನ ವೃದ್ಧರು, ಹಳೆಯ ಪಾಳಿ ಗ್ರಂಥಗಳನ್ನು ಓದಲು ಬಂದು ಅಲ್ಲೇ ಉಳಿದುಬಿಟ್ಟವರು. ಮೊದಲ ವರ್ಷ ನನ್ನ ಪಾಲಿಗೆ ಹಬ್ಬ. ಗುರುಗಳು ಹೇಳುವುದು, ನಾವು ಹೇಳುವುದು. ಬಂಗಾಳಿಗಳ ಬಾಯಲ್ಲಿ ಜಪಾನಿ ಮಾತು ರಸಗುಲ್ಲದ ಪಾಕದಲ್ಲಿ ಅದ್ದಿ ಬರುತ್ತಿತ್ತು. ಭಿಕ್ಷುವಿನ ಬಾಯಲ್ಲಿ ಎಲ್ಲವೂ ಮಂತ್ರವಾಗುತ್ತಿತ್ತು. ನಾನು ಹೇಳಿದರೆ ಗುರುಗಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅವರ ಮಾತು, ಅವರ ಉಸಿರು, ವಾಕ್ಯದ ಕೊನೆಯಲ್ಲಿ ಅವರು ಕೊಡುವ ಸಣ್ಣ ಕೆಮ್ಮು, ಎಲ್ಲ ಸಮೇತ ಒಪ್ಪಿಸುತ್ತಿದ್ದೆ. ಕೆಮ್ಮು ಭಾಷೆಯ ಭಾಗವಲ್ಲ ಎಂದು ಗೊತ್ತಾದದ್ದು ಆರು ತಿಂಗಳ ಮೇಲೆ. ಪರೀಕ್ಷೆಯಲ್ಲಿ ನಾನೇ ಮೊದಲು. ಇವನು ಮುಂದಕ್ಕೆ ಓದಲೇಬೇಕು ಎಂದು ಗುರುಗಳು ಇಂಗ್ಲಿಷಿನಲ್ಲಿ ಬರೆದ ಎರಡು ಸಾಲನ್ನು ಅಪ್ಪ ಸ್ಟೇಷನ್ ಮಾಸ್ತರರಿಂದ ಓದಿಸಿ, ಅಷ್ಟೂ ಪೇಟೆಗೆ ಪೇಡೆ ಹಂಚಿದರಂತೆ.

ಎರಡನೆಯ ವರ್ಷ ಬಂತು. ಬಾಗಿಲು ಮುಚ್ಚಿಕೊಂಡಿತು.

ಈಗ ಬರಿಯ ಸದ್ದು ಸಾಲದು, ಓದಬೇಕು. ಅಕ್ಷರ ಎಂದರೆ ನಮ್ಮ ಅ ಆ ಇ ಈ ಅಲ್ಲ, ಒಂದೊಂದು ಮಾತಿಗೆ ಒಂದೊಂದು ಚಿತ್ರ. ಅದಕ್ಕೂ ಒಂದೇ ಉಚ್ಚಾರವಿದ್ದರೆ ಬದುಕಬಹುದಿತ್ತು. ನಮ್ಮ ಹೆಣ್ಣುಮಕ್ಕಳಿಗೆ ತವರಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಒಂದು ಹೆಸರು ಇರುವ ಹಾಗೆ ಆ ಅಕ್ಷರಗಳಿಗೂ ಒಂಟಿಯಾಗಿದ್ದಾಗ ಒಂದು ಹೆಸರು, ಜೋಡಿಯಾದಾಗ ಇನ್ನೊಂದು. ಕುಂಚ ಹಿಡಿದು ಬರೆಯಬೇಕು, ಗೆರೆಗಳನ್ನು ಇಂಥ ಕ್ರಮದಲ್ಲೇ ಎಳೆಯಬೇಕು. ನಾನು ಕೊನೆಯ ಗೆರೆಯನ್ನು ಮೊದಲು ಎಳೆದರೆ ಗುರುಗಳು ಯಾರೋ ಸತ್ತ ಸುದ್ದಿ ಕೇಳಿದವರಂತೆ "ಸಾ..." ಎನ್ನುತ್ತಿದ್ದರು. ಮರ್ಯಾದೆಯ ಮಾತುಗಳೋ, ಏಣಿಯ ಮೆಟ್ಟಿಲುಗಳು. ಬಾ ಎನ್ನುವುದನ್ನು ಸರೀಕರಿಗೆ ಒಂದು ಬಗೆ, ಹಿರಿಯರಿಗೆ ಒಂದು ಬಗೆ, ಹಿರಿಯರ ಹಿರಿಯರಿಗೆ ಮತ್ತೊಂದು ಬಗೆ, ತನ್ನನ್ನು ತಾನು ನೆಲಕ್ಕಿಳಿಸಿಕೊಂಡು ಹೇಳುವುದು ಇನ್ನೂ ಒಂದು ಬಗೆ. ಒಂದು "ರಿ" ಹಚ್ಚಿ ತಹಸೀಲದಾರರಿಂದ ತರಕಾರಿಯವಳ ತನಕ ಸಂಭಾಳಿಸುವ ನಾಡಿನವನು ನಾನು. ನನ್ನಿಂದಾಗುವ ಕೆಲಸವೇ?

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ನಮ್ಮ ಪಾಠಗಳಲ್ಲಿ ಬರುವ ಜನ ಚಂದ್ರನನ್ನು ನೋಡುತ್ತಿದ್ದರು, ಉದುರುವ ಹೂವನ್ನು ನೋಡುತ್ತಿದ್ದರು, ಹಿಮ ಬಿದ್ದರೆ ಗೆಳೆಯನನ್ನು ನೆನೆಯುತ್ತಿದ್ದರು. ಒಬ್ಬನಾದರೂ ಹತ್ತಿ ಕೊಳ್ಳುತ್ತಿರಲಿಲ್ಲ.

ಬಿಡುತ್ತೇನೆ ಎಂದು ಗುರುಗಳಿಗೆ ಹೇಳಲು ಹೋದೆ. ಅವರು ಚಹಾ ಕೊಟ್ಟು, "ನಿನ್ನ ಮಾತು ಕೇಳಿದರೆ ನನಗೆ ನನ್ನ ಊರು ನೆನಪಾಗುತ್ತದೆ" ಎಂದರು. ಚಹಾ ಕುಡಿದು ತಿರುಗಿ ಬಂದೆ. ಅಪ್ಪನಿಗೆ ಹೇಳಬೇಕೆಂದರೆ ಪೇಡೆ ಅಡ್ಡ ಬಂತು. ಅಷ್ಟೂ ಪೇಟೆ ತಿಂದ ಪೇಡೆಯನ್ನು ಹೊರಗೆ ತೆಗೆಸುವುದು ಹೇಗೆ?

ಹೀಗೆ ಎರಡನೆಯ ವರ್ಷವನ್ನು ಹೇಗೋ ಏದುತ್ತ ದಾಟಿ, ಬೇಸಿಗೆಯ ರಜೆಗೆ ಕೊಪ್ಪಳಕ್ಕೆ ಬಂದಿಳಿದೆ. ಹತ್ತಿ ಸುಗ್ಗಿ ಕೊನೆಗೆ ಬಂದಿತ್ತು. ಅಪ್ಪ ಸ್ಟೇಷನ್ನಿಗೇ ಬಂದಿದ್ದರು. ಕಿವಿಯ ಹತ್ತಿರ ಬಾಯಿ ತಂದು, "ಯಾರಿಗೂ ಹೇಳಿಲ್ಲ. ನಿನಗ ಜಪಾನಿ ಬರತೈತಿ ಅಂತ ಯಾರಿಗೂ ಗೊತ್ತಾಗಬಾರದು" ಎಂದರು. ಹಿಂದೆ ನಿಂತಿದ್ದ ಹಮಾಲ ನನ್ನ ಟ್ರಂಕು ಹೊತ್ತುಕೊಂಡು, "ಸಣ್ಣ ಸಾವಕಾರ್ರ, ಜಪಾನಿ ಒಳಗ ಟ್ರಂಕಿಗೆ ಏನಂತಾರ್ರಿ?" ಎಂದ. ಟಾಂಗಾದವನು ಹಿಂದೆ ತಿರುಗಿ, "ಟಾಂಗಾಕ್ಕ?" ಎಂದ. ಕುಷ್ಟಗಿಯಿಂದ ಯಲಬುರ್ಗಾದವರೆಗೆ ಈ ಗುಟ್ಟು ತಿಳಿಯದವರು ಯಾರಾದರೂ ಇದ್ದರೆ ಅದು ಆ ಇಬ್ಬರು ಜಪಾನಿಗಳು ಮಾತ್ರ, ಎಂದು ನಾವು ನಂಬಿದ್ದೆವು.

ಮನೆಯಲ್ಲಿ ಇನ್ನೊಂದು ಪಾಡು. ಅವ್ವನ ಪ್ರಕಾರ ದೂರ ಹೋಗಿ ಗುರುವಿನಿಂದ ಕಲಿತದ್ದು ಎಂದರೆ ಅದು ಪಾಠವೇ, ಪಾಠವೆಂದರೆ ದಿನವೂ ಒಪ್ಪಿಸಬೇಕು, ಇಲ್ಲದಿದ್ದರೆ ವಿದ್ಯೆ ಮುನಿಯುತ್ತದೆ. "ಸ್ನಾನಾ ಮಾಡಿ ದೇವರ ಮುಂದ ನಿಂತು ಒಂದೀಟು ಅನ್ನು. ಅನ್ನಲಿಲ್ಲಂದ್ರ ನಾಷ್ಟಾ ಇಲ್ಲ" ಎಂದಳು. ನಾನು ಒದ್ದೆ ಪಂಚೆಯಲ್ಲಿ ದೇವರ ಜಗಲಿಯ ಮುಂದೆ ನಿಂತು, ಉದುರುವ ಹೂವಿನ ಪಾಠವನ್ನು ಗುರುಗಳ ಕೆಮ್ಮಿನ ಸಮೇತ ಒಪ್ಪಿಸಿದೆ. ಅವ್ವ ಕೈಮುಗಿದುಕೊಂಡು ಕೇಳಿದಳು. ಆಮೇಲೆ ಅಡುಗೆಮನೆಯಿಂದ ಅವಳು ನೆರೆಯವಳಿಗೆ ಹೇಳುವುದು ಕೇಳಿಸಿತು: "ಅರ್ಥಾ ತಿಳಿಯಂಗಿಲ್ಲವ್ವಾ, ಆದ್ರ ಕೇಳಿದ್ರ ಮನಸಿಗೆ ಹಗುರ ಅನಸತೈತಿ." ನನಗೂ ಅರ್ಧ ಅಷ್ಟೇ ತಿಳಿದದ್ದು, ಅವ್ವಾ. ಹಗುರ ಮಾತ್ರ ಅನ್ನಿಸಿರಲಿಲ್ಲ.

ಮರುದಿನ ಅಪ್ಪ ನನ್ನನ್ನು ಜಿನ್ನಿಗೆ ಕರೆದೊಯ್ದು ಒಂದು ಅಂಡಿಗೆಯ ಮೇಲೆ ಕೂರಿಸಿದರು. ಒಪ್ಪಂದ ಹೀಗೆ: ನಾನು ಸಾವಕಾರರ ದಡ್ಡ ಮಗ, ಕೆಲಸವಿಲ್ಲದೆ ಕೂತು ಅರಳೆ ಕೀಳುತ್ತಿರಬೇಕು. ಜಪಾನಿಗಳು ತಮ್ಮೊಳಗೆ ಮಾತಾಡಿದ್ದನ್ನು ಕೇಳಿ, ಬೆಲೆ ಏರುವಂತಿದ್ದರೆ ಕಿವಿ ಕೆರೆಯಬೇಕು, ಇಳಿಯುವಂತಿದ್ದರೆ ಮೂಗು ಒರೆಸಬೇಕು. ಬಾಯಿ ತೆರೆಯಕೂಡದು. ದಡ್ಡನ ವೇಷ ನನಗೆ ಕಷ್ಟವಾಗಲಿಲ್ಲ. ಬಾಯಿ ತೆರೆಯದಿರುವುದು ಕಷ್ಟವಾಯಿತು.

ಅವರು ಬಂದರು, ಅರಳೆ ಎಳೆದರು, ಪರಸ್ಪರ ಮಾತಾಡಿದರು.

ನನಗೆ ಒಂದೇ ಒಂದು ಮಾತು ತಿಳಿಯಲಿಲ್ಲ.

ಮೈಯೆಲ್ಲ ಕಿವಿಯಾಗಿ ಕೂತೆ. "ಎಷ್ಟು" ಎನ್ನುವುದಕ್ಕೆ ಗುರುಗಳು ಕಲಿಸಿದ ಶಬ್ದ ಬರುತ್ತದೆಂದು ಕಾದೆ, ಬರಲಿಲ್ಲ. ವಾಕ್ಯದ ಕೊನೆಗೆ ಬರಬೇಕಾದ ಮರ್ಯಾದೆಯ ಬಾಲ ಬರಲಿಲ್ಲ. ಬಂದದ್ದೆಲ್ಲ ಉರುಟು ಉರುಟಾಗಿ, ಒಂದರ ಕಾಲು ಒಂದು ತುಳಿದುಕೊಂಡು, ಎಳೆದೆಳೆದು ಹಾಡಿದಂತೆ ಬಂತು. ಪುಸ್ತಕದ ಚಂದ್ರ, ಹಿಮ, ಹೂವು ಯಾವುದೂ ಆ ದಿನ ಕೊಪ್ಪಳಕ್ಕೆ ಬಂದಿರಲಿಲ್ಲ. ಅಪ್ಪ ನನ್ನ ಕಡೆ ನೋಡಿದರು. ನಾನು ಕಿವಿ ಕೆರೆಯಲಿಲ್ಲ, ಮೂಗು ಒರೆಸಲಿಲ್ಲ. ಅರಳೆಯ ಎಳೆ ಮೂಗಿಗೆ ಹೋಗಿ ಸೀನು ಬಂದದ್ದನ್ನು ಮಾತ್ರ ಪ್ರಾಣ ಹೋದರೂ ತಡೆದೆ. ಸೀನಿ ಮೂಗು ಒರೆಸಿದ್ದರೆ ಅಪ್ಪ ಹತ್ತಿಯನ್ನು ಅಲ್ಲೇ ಮಾರಿಬಿಡುತ್ತಿದ್ದರು. ಈಗ ಅನ್ನಿಸುತ್ತದೆ, ಸೀನಬೇಕಿತ್ತು.

ಸಂಜೆ ಊಟಕ್ಕೆ ಕೂತಾಗ ಅಪ್ಪ, "ಹೂಂ, ಏನಂದ್ರು?" ಎಂದರು. ಗಂಗಾವತಿಯ ಸೋದರಮಾವನೂ ಅಂದು ಬಂದಿದ್ದ. ಅಕ್ಕಿ ವ್ಯಾಪಾರದವನು, ಹತ್ತಿಯವರನ್ನು ಕಂಡರೆ ಅವನಿಗೆ ಸದಾ ನಗೆ.

ಇಲ್ಲಿ ನಿಜ ಹೇಳಿದ್ದರೆ ಕಥೆ ಇರುತ್ತಿರಲಿಲ್ಲ. ನಾನು ನಿಜದ ಬದಲು ಅಣಕು ಮಾಡಿದೆ. ಬೆಳಿಗ್ಗೆ ಇಬ್ಬರೂ ಆಡಿದ ಮಾತನ್ನು ಮೊದಲಿನಿಂದ ಕೊನೆಯವರೆಗೆ, ದೊಡ್ಡವರ ದನಿಯಲ್ಲಿ ದೊಡ್ಡವರದನ್ನು, ಸಣ್ಣವರ ದನಿಯಲ್ಲಿ ಸಣ್ಣವರದನ್ನು, ಒಂದು ಅಕ್ಷರ ಬಿಡದೆ ಒಪ್ಪಿಸಿದೆ. ಅವ್ವ ಸೌಟು ಹಿಡಿದುಕೊಂಡೇ ನಿಂತಳು. ಅಪ್ಪನ ಕಣ್ಣಲ್ಲಿ ನೀರು ಬಂತು.

"ಎರಡು ವರ್ಷದಾಗ ಎಷ್ಟ ಕಲತಾನ ನೋಡು" ಎಂದರು ಅವ್ವನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಅರ್ಥಾ?" ಎಂದರು.

ಒಬ್ಬ ಮನುಷ್ಯ ಇಷ್ಟು ಚೆನ್ನಾಗಿ ಹೇಳಬಲ್ಲವನಾಗಿ, ಅದರ ಅರ್ಥ ಗೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ಗಿಳಿಯನ್ನು ಕೇಳಿದವರುಂಟೇ ಅರ್ಥ ಏನೆಂದು? ನನ್ನನ್ನು ಕೇಳಿದರು. ದೊಡ್ಡವರ ದನಿ ಕೊನೆಗೆ ಮೇಲಕ್ಕೆ ಹೋಗಿತ್ತು ಎಂಬ ಒಂದೇ ಆಧಾರದ ಮೇಲೆ ನಾನು ಹೇಳಿದೆ: "ಏರತೈತಿ."

ಅಪ್ಪ ಮರುದಿನ ಶಲ್ಯದ ಕೆಳಗೆ ದೊಡ್ಡ ಜಪಾನಿಯ ಅಂಗೈ ಗೀರಿದರು. ಬೇಡ.

ಅಲ್ಲಿಂದ ನಾನು ಬೋನಿಗೆ ಬಿದ್ದೆ. ದಿನವೂ ಅದೇ ಅಂಡಿಗೆ, ಅದೇ ತಗಡಿನ ಮಾಡು, ಅದೇ ಕಾವು. ಜಿನ್ನಿನ ಯಂತ್ರಗಳ ಗರಗರ ನಿಂತಾಗ ಆ ಇಬ್ಬರ ಗುಳುಗುಳು. ಪಕ್ಕದ ಅಡತಿಯವರು ಒಬ್ಬೊಬ್ಬರೇ ಮಾರಿ ಅಂಗಳ ಖಾಲಿ ಮಾಡಿದರು. ಬೆಲೆ ಒಂದು ದಿನ ನಿಂತಲ್ಲೇ ನಿಂತಿತು, ಮರುದಿನ ಒಂದು ಗೆಣ್ಣು ಇಳಿಯಿತು, ಅದರ ಮರುದಿನ ಇನ್ನೊಂದು. ಅಪ್ಪ ಅದನ್ನು ಇಳಿತವೆಂದು ತಿಳಿಯಲಿಲ್ಲ. ಏರುವುದನ್ನು ಬಲ್ಲ ಕಳ್ಳರು ಬೇಕೆಂತಲೇ ಇಳಿಸುತ್ತಿದ್ದಾರೆ ಎಂದು ತಿಳಿದರು. ನನ್ನ ಒಂದು ಸುಳ್ಳಿಗೆ ಎಷ್ಟು ಬುದ್ಧಿವಂತಿಕೆಯ ಗೋಡೆ ಕಟ್ಟಿದರೆಂದರೆ, ಒಳಗಿದ್ದ ನನಗೆ ಹೊರಗೆ ಬರಲು ಕಿಂಡಿಯೇ ಉಳಿಯಲಿಲ್ಲ.

ಆ ಹತ್ತಿ ಅಪ್ಪನದಾಗಿದ್ದರೆ ಅಪ್ಪ ಮಗ ಏನಾದರೂ ಮಾಡಿಕೊಳ್ಳಬಹುದಿತ್ತು. ಅದು ರೈತರದು. ಅಂಗಳದಲ್ಲಿ ಉಳಿದಿದ್ದ ರಾಶಿಯಲ್ಲಿ ದೊಡ್ಡ ಪಾಲು ಎಲ್ಲರೂ ಆಯಿ ಎನ್ನುವ ಮಂಗಳೂರಿನ ಹಿರಿಯ ಹೆಣ್ಣುಮಗಳೊಬ್ಬಳದು. ಮಂಗಳೂರು ಎಂದರೆ ಯಲಬುರ್ಗಾ ಕಡೆಯ ನಮ್ಮ ಮಂಗಳೂರು. ಇಲ್ಲಿ ಸಮುದ್ರವಿಲ್ಲ, ಹತ್ತಿಯ ಹೊಲವಿದೆ. ಗಂಡ ತೀರಿಕೊಂಡ ಮೇಲೆ ಹೊಲವನ್ನು ಆಕೆಯೇ ನಡೆಸುತ್ತಿದ್ದಳು. ಆ ಚಳಿಗಾಲದಲ್ಲಿ ಜೋಡಿ ಎತ್ತಿನಲ್ಲಿ ಒಂದು ಸತ್ತಿತ್ತು. ಉಳಿದದ್ದಕ್ಕೆ ಸರಿಜೋಡಿಯಾಗುವ ಎತ್ತೊಂದನ್ನು ಕುಷ್ಟಗಿ ಸಂತೆಯಲ್ಲಿ ಗೊತ್ತುಮಾಡಿ ಬಂದಿದ್ದಳು. ಹತ್ತಿ ಮಾರಿದ ಕೂಡಲೇ ಹಿಡಿದುಕೊಂಡು ಹೋಗುವುದು, ಮುಂಗಾರು ಬೀಳುವುದರೊಳಗೆ ಹೊಲ ಹರಗುವುದು. ಒಂಟಿ ಎತ್ತಿನಿಂದ ನೇಗಿಲು ನಡೆಯುವುದಿಲ್ಲ. ಮಳೆ ಬಿದ್ದ ದಿನ ಯಾರ ಎತ್ತೂ ಯಾರಿಗೂ ಸಿಗುವುದಿಲ್ಲ.

ಊರಿಂದ ಬರುವ ಬಂಡಿ ಸಿಕ್ಕಾಗಲೆಲ್ಲ ಆಕೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ಸೆರಗಿನ ಗಂಟಿನಲ್ಲಿ ರೊಟ್ಟಿ, ಖಾರ.

"ಮಾರೇತೇನ್ರಿ, ಸಾವಕಾರ್ರ?"

"ಏರತೈತಿ, ಯಮ್ಮಾ. ನಾಕ ದಿನಾ ತಡಿ. ನಿನಗ ನಾಕ ದುಡ್ಡು ಹೆಚ್ಚಿಗಿ ಬರಲಿ ಅಂತಽನ ನಾ ಬಡದಾಡಾಕತ್ತೀನಿ."

"ಏರತೈತಿ ಅಂತ ಯಾರಂದಾರ್ರಿ?"

ಅಪ್ಪ ಗುಟ್ಟು ಕಾಯುವವರ ಹಾಗೆ ನನ್ನ ಕಡೆ ಒಂದು ನೋಟ ನೋಡುತ್ತಿದ್ದರು. ಆಕೆಯೂ ನೋಡುತ್ತಿದ್ದಳು. ಆ ನೋಟಕ್ಕೆ ಸಿಕ್ಕರೆ ಕೊಕ್ಕರೆಯ ಕತ್ತು ಆಮೆಯದಾಗುತ್ತಿತ್ತು.

"ಮುಗಿಲಾಗ ಮೋಡ ಕೂಡಾಕತ್ತಾವ, ತಮ್ಮಾ" ಎಂದಳು ಒಂದು ದಿನ ನನಗೆ, ಜೊತೆಯಲ್ಲಿ ಒಂದು ರೊಟ್ಟಿಯನ್ನೂ ಕೊಟ್ಟು. "ಆ ಎತ್ತಿನಾಂವ ಎಷ್ಟ ದಿನಾ ಅಂತ ಕಾಯತಾನ?"

ಅಂದು ಸಂಜೆ ಅಪ್ಪನಿಗೆ ಸುತ್ತುಬಳಸಿ ಹೇಳಿದೆ.

"ಅಪ್ಪಾ, ಅವರು ಮಾತಾಡೂದು ಬ್ಯಾರೆ ಜಪಾನಿ ಇದ್ದಂಗ ಐತಿ."

"ಜಪಾನಿ ಒಳಗ ಬ್ಯಾರೆ ಜಪಾನಿ ಇರತೈತೇನಲೇ? ಹತ್ತಿ ಒಳಗ ಬ್ಯಾರೆ ಹತ್ತಿ ಇದ್ದಂಗ?"

"ಹತ್ತಿ ಒಳಗೂ ಇರತೈತಲ್ರಿ ಭಾವಾರ" ಎಂದ ಮತ್ತೆ ಊರಿಗೆ ಬಂದಿದ್ದ ಸೋದರಮಾವ, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ. "ಮೈಸೂರ ಕಡಿಯಿಂದ ಒಬ್ಬ ಮಾಸ್ತರ ಬಂದಿದ್ದ ನಮ್ಮ ಗಂಗಾವತಿಗೆ. ಪುಸ್ತಕದಾಗಿನ ಕನ್ನಡಾ, ಮುತ್ತು ಮುತ್ತು. ಸಂತ್ಯಾಗ ನಮ್ಮ ಹೆಣ್ಣುಮಕ್ಕಳು ಕೂಡಿ ಬೈದ್ರ, ಇವರೇನೋ ಆಶೀರ್ವಾದ ಮಾಡಾಕತ್ತಾರ ಅಂತ ಕೈ ಮುಗದು ಬಂದಾ."

ನಾನು ಮಾವನ ಕಾಲು ಹಿಡಿಯಬೇಕೆಂದುಕೊಂಡೆ. ಅವನು ಅಣಕದ ಭರದಲ್ಲಿ ನಿಜವನ್ನೇ ಹೇಳಿಬಿಟ್ಟಿದ್ದ. ಆದರೆ ಅಪ್ಪ, "ಅಕ್ಕಿಯವರಿಗೆ ಹತ್ತಿ ಸುದ್ದಿ ಯಾಕ?" ಎಂದು ಆ ಕಿಂಡಿಯನ್ನೂ ಮುಚ್ಚಿದರು. ನನಗೆ, "ನಿನಗ ಹೆದರಿಕಿ ಆಗೇತಿ. ಹೆದರಬ್ಯಾಡ. ಅವತ್ತ ಹೇಳಿದಿಯಲ್ಲ, ಹಂಗಽ ಇನ್ನೊಮ್ಮೆ ಹೇಳು" ಎಂದರು. ಹೇಳಿದೆ. ಇಬ್ಬರ ದನಿಯಲ್ಲೂ ಹೇಳಿದೆ. ಅಳು ಬರುವುದರಲ್ಲಿತ್ತು, ಅವ್ವ ನಕ್ಕಳು.

ಆ ಇಬ್ಬರು ಜಪಾನಿಗಳು ಆಡಿದ್ದು ಏನು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ರಜೆ ಮುಗಿದು ಹಿಂದಿರುಗಿದ ಮೇಲೆ, ಬಾಯಲ್ಲಿ ಹಾಗೆಯೇ ಕೂತಿದ್ದ ಆ ಮಾತುಗಳನ್ನೆಲ್ಲ ಗುರುಗಳ ಮುಂದೆ ಒಪ್ಪಿಸಿದೆ. ಅವರು ಮೊದಲು ಬೆಚ್ಚಿದರು, ಆಮೇಲೆ ಚಹಾ ಬಟ್ಟಲು ಕೆಳಗಿಟ್ಟು ನಕ್ಕರು. ಅವರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಅದು ಒಸಾಕಾದ ಪೇಟೆಯ ಆಡುಮಾತಂತೆ, ಪುಸ್ತಕದವರು ಬಾಯಲ್ಲಿ ಇಟ್ಟುಕೊಳ್ಳದ ಮಾತು. ಹತ್ತಿಯ ಬೆಲೆಯ ಸುದ್ದಿ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ತಾವು ಇಳಿದುಕೊಂಡ ಬಂಗಲೆಯ ಮಂಚದಲ್ಲಿ ತಿಗಣೆ, ರಾತ್ರಿಯೆಲ್ಲ ನಿದ್ದೆಯಿಲ್ಲ ಎಂದು ಒಬ್ಬರು, ತಮ್ಮ ಊರ ಕಡೆಯ ಮೀನು ತಿಂದು ಎಷ್ಟು ಕಾಲವಾಯಿತು ಎಂದು ಇನ್ನೊಬ್ಬರು. ನಡುವೆ ಒಂದು ಮಾತು ನನ್ನ ಮೇಲೂ ಇತ್ತು. ಅಂಡಿಗೆಯ ಮೇಲೆ ಕೂತ ಆ ಹುಡುಗನಿಗೆ ಹೊಟ್ಟೆನೋವು ಇರಬೇಕು, ಪಾಪ, ಯಾರಾದರೂ ಔಷಧ ಕೊಡಬಾರದೇ ಎಂದು ದೊಡ್ಡವರು. ಅವರ ಅನುಕಂಪವನ್ನು ನಾನು ಅವರದೇ ದನಿಯಲ್ಲಿ ನಮ್ಮ ಮನೆಯಲ್ಲಿ ಒಪ್ಪಿಸಿ, ಅದಕ್ಕೆ "ಏರತೈತಿ" ಎಂದು ಅರ್ಥ ಹೇಳಿದ್ದೆ.

ಸುಗ್ಗಿಯ ಕೊನೆಯ ದಿನ ಬಂತು. ಮಧ್ಯಾಹ್ನದ ಗಾಡಿಗೆ ಜಪಾನಿಗಳು ಗದಗಿಗೆ ಹೊರಟಿದ್ದರು, ಇನ್ನು ಬರುವುದು ಮುಂದಿನ ವರ್ಷ. ಅಂಗಳದಲ್ಲಿ ಉಳಿದಿದ್ದು ನಮ್ಮ ರಾಶಿಯೊಂದೇ. ಮೋಡ ಕಪ್ಪಗೆ ತೂಗುತ್ತಿತ್ತು, ಗಾಳಿಗೆ ಅರಳೆಯ ತುಪ್ಪಳ ಎದ್ದು ಎಲ್ಲರ ಮೀಸೆ ಬೆಳ್ಳಗಾಗಿತ್ತು. ಮಂಗಳೂರಿನ ಆಯಿ ಅಂದು ಕಟ್ಟೆ ಬಿಟ್ಟು ಜಿನ್ನಿನ ಒಳಕ್ಕೇ ಬಂದು, ತನ್ನ ಅಂಡಿಗೆಗಳ ಪಕ್ಕ ನಿಂತಿದ್ದಳು. ಹಿಂದಿನ ದಿನ ಕುಷ್ಟಗಿಯಿಂದ ಸುದ್ದಿ ಬಂದಿತ್ತು: ಎತ್ತಿನವನು ಬರುವ ಸಂತೆಯವರೆಗೆ ಕಾಯುತ್ತಾನೆ, ಆಮೇಲೆ ಇಲ್ಲ.

ದೊಡ್ಡ ಜಪಾನಿ ಅರಳೆ ಎಳೆದು ನೋಡಿ, "ಸೇಠಜೀ, ಆಜ್ ಆಖ್ರೀ" ಎಂದರು. ಅಪ್ಪ ಶಲ್ಯ ಹಾಸಿದರು. ಬೆರಳುಗಳು ಕೆಳಗೆ ಹೋದವು. ದೊಡ್ಡವರು ಸಣ್ಣವರ ಕಡೆ ತಿರುಗಿ ನಾಲ್ಕು ಮಾತಾಡಿದರು. ಶಲ್ಯದ ಕೆಳಗೆ ಕೈ ಹಾಗೆಯೇ ಇಟ್ಟುಕೊಂಡು ಅಪ್ಪ ನನ್ನ ಕಡೆ ನೋಡಿದರು.

ಕಿವಿಯೋ, ಮೂಗೋ. ನನ್ನ ಎರಡೂ ಕೈ ತೊಡೆಯ ಕೆಳಗೆ ಹೋಗಿ ಕೂತಿದ್ದವು. ಆಯಿ ನನ್ನನ್ನೇ ನೋಡುತ್ತಿದ್ದಳು. ಅಪ್ಪ ಹುಬ್ಬು ಎತ್ತಿದರು, ಕೆಮ್ಮಿದರು, ಕೊನೆಗೆ ಇಷ್ಟು ದಿನ ಕಾದ ಗುಟ್ಟನ್ನು ತಾವೇ ಒಡೆದು ಅಷ್ಟೂ ಅಂಗಳಕ್ಕೆ ಕೇಳುವಂತೆ ಕೂಗಿದರು:

"ಏನಂತಾರಲೇ?"

"ತಿಳಿಯವಲ್ದಪ್ಪಾ" ಎಂದೆ. ಅದು ಯಾರ ದನಿಯ ಅಣಕೂ ಆಗಿರಲಿಲ್ಲ. "ಇವತ್ತೂ ತಿಳಿದಿಲ್ಲ. ಅವತ್ತೂ ತಿಳಿದಿದ್ದಿಲ್ಲ. ಏರತೈತಿ ಅಂತ ನಾನಽ ಅಂದದ್ದು, ಅವರಂದಿಲ್ಲ."

ಹಮಾಲರು ನೆಲ ನೋಡಿದರು. ಸಣ್ಣ ಜಪಾನಿ ನನ್ನನ್ನೂ ಅಪ್ಪನನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. ಅಪ್ಪನ ಮುಖ ಮಾತ್ರ ಆ ಹೊತ್ತಿನಲ್ಲೂ ಗೋಡೆ. ನಲವತ್ತು ವರ್ಷ ಶಲ್ಯದ ಮೇಲೆ ಇಟ್ಟುಕೊಂಡ ಮುಖ, ಮಗ ಹೀಗೆ ಮಾಡಿದನೆಂದು ಬೀಳುವುದಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು, ಶಲ್ಯ ಝಾಡಿಸಿ ಹೆಗಲಿಗೆ ಹಾಕಿಕೊಂಡರು.

"ಹಂಗಾರ ಇವತ್ತ ಬ್ಯಾಡ" ಎಂದರು, ಆಯಿಗೂ ಊರಿಗೂ ಒಟ್ಟಿಗೆ ಹೇಳುವಂತೆ. "ಮಳಿಗಾಲ ಗೋದಾಮಿನ್ಯಾಗ ಇಡೂಣು. ಹುಡುಗ ಇನ್ನೊಂದು ವರ್ಷ ಕಲತು ಬರಲಿ. ಬರೂ ಸುಗ್ಗಿಗೆ ಅವರು ಏನಂತಾರ ಅನ್ನೂದು ಬರೋಬರಿ ತಿಳೀತೈತಿ, ಆಮ್ಯಾಲೆ ಮಾರೂಣು."

ಅಂದರೆ ನನಗೆ ಮತ್ತೆ ಒಂದು ವರ್ಷ ಕುಂಚ, ಆಕೆಗೆ ಒಂದು ವರ್ಷ ಒಂಟಿ ಎತ್ತು. ನಾನು ನಿಜ ಹೇಳಿದರೂ ಬಾಗಿಲು ತೆರೆದಿರಲಿಲ್ಲ.

ಅದನ್ನು ತೆರೆದದ್ದು ಆಯಿ. ಆಕೆ ದನಿ ಏರಿಸಲಿಲ್ಲ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಅಪ್ಪನ ಎದುರಿಗೆ ಬಂದು ನಿಂತು ಒಂದು ಮಾತು ಹೇಳಿದಳು. ಅದನ್ನು ಕೇಳಿ ಅಪ್ಪ ಶಲ್ಯವನ್ನು ಮತ್ತೆ ಹೆಗಲಿಂದ ಇಳಿಸಿದರು, ಮಧ್ಯಾಹ್ನದ ಗಾಡಿ ಬರುವುದರೊಳಗೆ ಹತ್ತಿಯೆಲ್ಲ ತಕ್ಕಡಿ ದಾಟಿತು, ಆಕೆ ಅಲ್ಲಿಂದಲೇ ಕುಷ್ಟಗಿ ಬಂಡಿ ಹತ್ತಿದಳು. ಅಲ್ಲಿಂದ ಮುಂದೆ ಯಾರೂ ನನ್ನನ್ನು ಅಂಡಿಗೆಯ ಮೇಲೆ ಕೂರಿಸಲಿಲ್ಲ. ನಾನು ಹಿಂದಿರುಗಿ ಜಪಾನಿ ಓದಿದ್ದು ನನ್ನ ಸ್ವಂತ ಹುಚ್ಚಿಗೆ. ಎಲ್ಲರನ್ನೂ ಅಣಕಿಸುವ ನಾನು ಆಕೆಯ ಈ ಮಾತನ್ನು ಇವತ್ತಿನವರೆಗೆ ಆಕೆಯ ದನಿಯಲ್ಲಿ ಹೇಳಿಲ್ಲ, ಬರೆದು ಮಾತ್ರ ಇಡುತ್ತೇನೆ:

"ಅವರೇನಂತಾರ ಅಂತ ಕೇಳಾಕ ಮಗನ್ನ ಅಷ್ಟ ದೂರ ಕಳಿಸಿ ಕಲಿಸೀರಿ, ಸಾವಕಾರ್ರ, ಛಲೋ ಆತು. ಹತ್ತಿ ನಂದು. ನಾ ಏನಂತೀನಿ ಅಂತ ಕೇಳಾಕ ನೀವು ಅಪ್ಪಾ ಮಗಾ ಇನ್ನ ಯಾವ ಸಾಲಿಗೆ ಹೋಗಬೇಕಾಗೇತಿ?"